ಬ್ಲೂಯೆಟ್ ಘಟ್ಟದಲ್ಲಿ ಬನ್ನಿ

ಸಿಯಾಟಲ್ ಹತ್ತಿರದ ನಮ್ಮೂರು ಎವರೆಟ್‌ನಿಂದ ನಾವು ಹೊರಟದ್ದು ಶನಿವಾರ ಬೆಳಿಗ್ಗೆ ಎಂಟರ ಸುಮಾರಿಗೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು, ಅವರ ತೊಡೆಯ ಮೇಲೆ ಬುತ್ತಿಯ ಚೀಲ. ಹಿಂದಿನ ಸೀಟಿನಲ್ಲಿ ಮಗಳು ಸ್ನೇಹಾ, ಕಿವಿಯಲ್ಲಿ ಇಯರ್‌ಫೋನು. ಅವಳಿಗೆ ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ ಕೆಲಸ, ಅಲ್ಲೇ ಒಂದು ಗೂಡಿನಂಥ ಅಪಾರ್ಟ್‌ಮೆಂಟಿನಲ್ಲಿ ವಾಸ. ದಸರಾ ಎಂದು ಮನೆಗೆ ಬಂದವಳನ್ನು ಹಾಗೇ ಎಳೆದುಕೊಂಡು ಹೊರಟಿದ್ದೆ.

ಎರಡು ದಿನದ ಪ್ರವಾಸ. ಎರಡನೇ ನಂಬರಿನ ಹೆದ್ದಾರಿಯಲ್ಲಿ ಸ್ಟೀವನ್ಸ್ ಪಾಸ್ ಎಂಬ ಘಟ್ಟ ಹತ್ತಿ ಇಳಿದು, ದಾರಿಯುದ್ದಕ್ಕೂ ಬಣ್ಣ ತಿರುಗಿದ ಎಲೆ ನೋಡುತ್ತ ಲೆವನ್‌ವರ್ತ್ ಎಂಬ ಊರಿಗೆ. ಅಲ್ಲಿಂದ ಮುಂದೆ ವೆನಾಚಿಯಲ್ಲಿ ರಾತ್ರಿ ವಸತಿ. ಭಾನುವಾರ ಬ್ಲೂಯೆಟ್ ಪಾಸ್ ಎಂಬ ಇನ್ನೊಂದು ಘಟ್ಟ ಹತ್ತಿ, ಅಲ್ಲಿಯ ಲಾರ್ಚ್ ಮರಗಳನ್ನು ನೋಡಿ, ದಕ್ಷಿಣದ ದೊಡ್ಡ ಹೆದ್ದಾರಿ ಹಿಡಿದು ಮನೆಗೆ. ಸುತ್ತು ಹಾಕಿದರೆ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ಇಷ್ಟು ವರ್ಷ ಇಲ್ಲಿದ್ದೂ ಈ ಸುತ್ತನ್ನು ಶರತ್ಕಾಲದಲ್ಲಿ ನಾವು ಹಾಕಿರಲಿಲ್ಲ. ಅಕ್ಟೋಬರ್ ಬಂತೆಂದರೆ ಮಳೆ, ಮಳೆ ಬಂತೆಂದರೆ ಮನೆಯೊಳಗೆ ಕೂತು ಮಿರ್ಚಿ ಭಜಿ, ಇಷ್ಟೇ ನಮ್ಮ ಶರತ್ಕಾಲವಾಗಿತ್ತು.

ಎಲೆ ನೋಡುವುದಷ್ಟೇ ನನ್ನ ಉದ್ದೇಶವಾಗಿರಲಿಲ್ಲ, ಮುಚ್ಚಿಡುವುದೇಕೆ! ವೆನಾಚಿಗೆ ಹೋಗುವ ದಾರಿಯಲ್ಲಿ ಕ್ಯಾಶ್‌ಮಿಯರ್ ಎಂಬ ಸಣ್ಣ ಊರಿದೆ. ಅಲ್ಲಿ ರಾಘು ಇದ್ದಾನೆ. ರಾಘು ಮತ್ತು ನಮ್ಮವರು ಹುಬ್ಬಳ್ಳಿಯಲ್ಲಿ ಒಂದೇ ಕಾಲೇಜು, ಇಲ್ಲಿಗೆ ಓದಲು ಬಂದಾಗ ಒಂದೇ ಕೋಣೆ, ಆಮೇಲೆ ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ಒಂದೇ ಮಹಡಿಯಲ್ಲಿ ಕೂತು ರೆಕ್ಕೆಯ ಲೆಕ್ಕ ಹಾಕಿದವರು. ಮನೆಗಳೂ ಅಕ್ಕಪಕ್ಕ. ನಡುವಿನ ಬೇಲಿ ಒಂದು ಚಳಿಗಾಲದ ಗಾಳಿಗೆ ಬಿದ್ದಾಗ ಅದನ್ನು ಎತ್ತಿ ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ರಾಘುವಿನ ಹೆಂಡತಿ ಸುಧಾ ಎರಡೂವರೆ ವರ್ಷದ ಹಿಂದೆ ತೀರಿಕೊಂಡಳು. ಆಸ್ಪತ್ರೆಯಿಂದ ಹಿಡಿದು ಬೂದಿ ಬಿಡುವವರೆಗೆ ನಮ್ಮವರು ಅವನ ಬೆನ್ನಿಗಿದ್ದರು. ಅದೇ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಇವರು ವಾಕಿಂಗ್ ಮುಗಿಸಿ ಬರುವಾಗ ರಾಘುವಿನ ಅಂಗಳದಲ್ಲಿ ಮನೆ ಮಾರಾಟದ ಬೋರ್ಡು ನಿಂತಿತ್ತು. ಒಂದು ಮಾತು ಹೇಳಿರಲಿಲ್ಲ. ‘ಬೋರ್ಡು ನೋಡಿ ತಿಳೀಬೇಕಾತು ನನಗ. ಬೋರ್ಡು!’ ಎಂದು ಇವರು ಅವತ್ತು ಅಂದದ್ದು, ಇವತ್ತಿನವರೆಗೂ ಅನ್ನುತ್ತಲೇ ಇದ್ದಾರೆ. ರಾಘು ಕ್ಯಾಶ್‌ಮಿಯರ್‌ಗೆ ಹೊರಟುಹೋದ. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

ಇನ್ನು ಬನ್ನಿಯ ಮಾತು. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ವಿಜಯದಶಮಿಯ ದಿನ ಬನ್ನಿಯ ಎಲೆ ಹಂಚುತ್ತೇವೆ. ಅವತ್ತು ಆ ಎಲೆಗೆ ಬಂಗಾರವೆಂದೇ ಹೆಸರು. ಸಣ್ಣವರು ದೊಡ್ಡವರ ಮನೆಗೆ ಹೋಗಿ, ಕೈಗೆ ಬಂಗಾರ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಬೇಕು. ವರ್ಷದ ಜಗಳ ಏನಿದ್ದರೂ ಅಲ್ಲಿಗೆ ಮುಗಿಯಬೇಕು. ನಮ್ಮವರು ರಾಘುವಿಗಿಂತ ಮೂರು ತಿಂಗಳು ದೊಡ್ಡವರು. ಈ ದೇಶದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಸಿಕ್ಕ ಹಳದಿ ಎಲೆ ಹಿಡಿದು ಪ್ರತಿ ದಸರೆಗೂ ರಾಘು ಅಂಗಳ ದಾಟಿ ಬರುತ್ತಿದ್ದ, ‘ಹಿರಿಯಾರು ಎಲ್ಲಿದ್ದಾರ್ರೀ ವೈನಿ?’ ಎಂದು ಬಾಗಿಲಲ್ಲೇ ಕೂಗುತ್ತಿದ್ದ. ಅವನು ಊರು ಬಿಟ್ಟ ಮೇಲೆ ಬಂದ ಎರಡು ದಸರೆಯಲ್ಲೂ ನಮ್ಮವರು ಇಸ್ತ್ರಿಯ ಅಂಗಿ ತೊಟ್ಟು, ಟಿ.ವಿ. ಸದ್ದು ತಗ್ಗಿಸಿ, ರಸ್ತೆಯ ಕಡೆ ಕಿವಿಗೊಟ್ಟು ಕೂತಿದ್ದರು. ಅವನು ಬರಲಿಲ್ಲ. ಈ ಸಲ ವಿಜಯದಶಮಿ ಭಾನುವಾರ ಬಿದ್ದಿತ್ತು. ಇನ್ನೊಂದು ದಸರೆ ಹಾಗೇ ಕಳೆದರೆ ಈ ಇಬ್ಬರು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ನನಗೆ ಭಯವಾಗಿತ್ತು.

ಇವರಿಗೂ ನನ್ನ ಲೆಕ್ಕಾಚಾರ ಗೊತ್ತಾಗದೆ ಇರಲಿಲ್ಲ. ಹೊರಡುವ ಮೊದಲೇ ಬೆರಳೆತ್ತಿ ಹೇಳಿದ್ದರು: “ಎಲಿ ನೋಡ್ಲಿಕ್ಕೆ ಬರ್ತೀನಿ. ಅವನ ಮನಿ ಕಡೆ ಗಾಡಿ ತಿರುಗಿಸಿದ್ಯೋ, ಅಲ್ಲೇ ಇಳದು ಬಸ್ ಹಿಡದು ವಾಪಸ್ ಬರ್ತೀನಿ. ಸಣ್ಣಾವ ಬರಬೇಕು. ರೀತಿ ಅಂದ್ರ ರೀತಿ.”

“ಹೂಂ, ಹಿಡೀರಿ ಬಸ್ಸು. ಬುತ್ತಿ ಗಂಟು ಮಾತ್ರ ಇಲ್ಲೇ ಬಿಟ್ಟು ಹೋಗ್ರಿ,” ಎಂದೆ ನಾನು.

ಮನ್ರೋ ಎಂಬ ಊರಲ್ಲಿ ಪೆಟ್ರೋಲ್ ಹಾಕಿಸಿದೆವು. ಗ್ಯಾಲನ್ನಿಗೆ ನಾಲ್ಕು ಡಾಲರ್ ಅರವತ್ತು ಸೆಂಟು, ಹೊಟ್ಟೆ ಉರಿಯಿತು. ಸುಲ್ತಾನ್ ದಾಟಿದ ಮೇಲೆ ಮಂಜು ತೆಳುವಾಗತೊಡಗಿತು. ಇಂಡೆಕ್ಸ್ ಹತ್ತಿರ ರಸ್ತೆ ಹೊರಳಿದ್ದೇ ತಡ, ಮಂಜು ಪೂರ್ತಿ ಹರಿದು, ಎದುರಿಗೆ ಕಪ್ಪು ಬಂಡೆಯ ಬೆಟ್ಟ ಆಕಾಶಕ್ಕೆ ಎದ್ದು ನಿಂತಿತ್ತು. ನೆತ್ತಿಯ ಮೇಲೆ ಅದೇ ವಾರ ಬಿದ್ದ ಹಿಮ. ಕೆಳಗೆ ಸ್ಕೈಕೋಮಿಶ್ ಹೊಳೆ, ಹೊಳೆಯ ಎರಡೂ ದಡಕ್ಕೆ ಅಗಲ ಎಲೆಯ ಮೇಪಲ್ ಮರಗಳು. ಪ್ರತಿ ಮರವೂ ಬುಡದಿಂದ ತುದಿಯವರೆಗೆ ಹಳದಿ. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

“ಅಮ್ಮಾ! ಹೈವೇ ಮೇಲೆ ಸ್ಟಾಪ್ ಮಾಡ್ಬೇಡ!” ಎಂದು ಸ್ನೇಹಾ ಕಿರುಚಿದಳು.

ಮುಂದಿನ ತಂಗುಜಾಗದಲ್ಲಿ ಗಾಡಿ ನಿಲ್ಲಿಸಿ ಇಳಿದೆವು. ಹೊಳೆಯ ಸದ್ದು ಬಿಟ್ಟರೆ ಮರದಿಂದ ಎಲೆ ಬೀಳುವ ಸದ್ದು. ಹೌದು, ಸದ್ದು ಕೇಳುತ್ತದೆ. ಒಂದೊಂದು ಎಲೆ ಊಟದ ತಟ್ಟೆಯಷ್ಟು ಅಗಲ. ಕೊಂಬೆಯಿಂದ ಕೊಂಬೆಗೆ ತಾಗುತ್ತ, ಪಟ್ ಪಟ್ ಎನ್ನುತ್ತ ಇಳಿದು ನೆಲಕ್ಕೆ ಒರಗುತ್ತದೆ. ನಮ್ಮವರು ಒಂದು ಎಲೆ ಎತ್ತಿ ತಿರುಗಿಸಿ ಮುರುಗಿಸಿ ನೋಡಿದರು. “ನಾಕು ಎಲಿ ಕಡ್ಡಿ ಚುಚ್ಚಿದ್ರ ಪತ್ರಾವಳಿ ಆಗ್ತದ. ಮಂದಿಗೆಲ್ಲಾ ಊಟಕ್ಕ ಹಾಕಬಹುದು,” ಎಂದರು. ಬಹಳ ದಿನದ ಮೇಲೆ ಅವರ ದನಿ ಹಗುರಾಗಿತ್ತು. ನಾನು ಆ ಮಾತನ್ನು ಕೆಡಿಸದೆ ಸುಮ್ಮನೆ ನಕ್ಕೆ.

ಸ್ಟೀವನ್ಸ್ ಪಾಸ್ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿ. ಏರುತ್ತ ಹೋದಂತೆ ಹಳದಿ ಕಡಿಮೆಯಾಗಿ ಕೆಂಪು ಶುರುವಾಯಿತು. ಚಳಿಗಾಲದಲ್ಲಿ ಹಿಮ ಜಾರಿ ಇಳಿಯುವ ಇಳಿಜಾರುಗಳಲ್ಲಿ ದೊಡ್ಡ ಮರ ನಿಲ್ಲುವುದಿಲ್ಲ. ಅಲ್ಲಿ ಬಳ್ಳಿಯ ಹಾಗೆ ಬಾಗಿ ಬೆಳೆಯುವ ಸಣ್ಣ ಮೇಪಲ್ಲುಗಳದ್ದೇ ರಾಜ್ಯ. ಕಡುಹಸಿರು ಕಾಡಿನ ನಡುವೆ, ಬೆಟ್ಟದ ನೆತ್ತಿಯಿಂದ ರಸ್ತೆಯವರೆಗೆ, ಕುಂಕುಮದ ಭರಣಿ ಉರುಳಿ ಚೆಲ್ಲಿದಂತೆ ಒಂದೊಂದು ಕೆಂಪು ಪಟ್ಟೆ. ಎಷ್ಟು ಕೆಂಪೆಂದರೆ ಮೋಡದ ಕೆಳಗೂ ಅದು ಮಂಕಾಗಿರಲಿಲ್ಲ. ಸ್ನೇಹಾ ಕಿವಿಯಿಂದ ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿದಳು. ನನ್ನ ಮಗಳನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿಯೆಂದು ಗೊತ್ತಾಗುತ್ತದೆ.

ಘಟ್ಟದ ನೆತ್ತಿಯಲ್ಲಿ ಸಣ್ಣ ಮಳೆ, ಹಲ್ಲು ಕಟಕಟಿಸುವ ಚಳಿ. ಫ್ಲಾಸ್ಕಿನ ಚಹಾ ಕುಡಿದು ಆಚೆ ಇಳಿದರೆ ಹತ್ತು ನಿಮಿಷದಲ್ಲಿ ಬಿಸಿಲು! ಕ್ಯಾಸ್ಕೇಡ್ ಪರ್ವತದ ಪಶ್ಚಿಮಕ್ಕೆ ಮಳೆ, ಪೂರ್ವಕ್ಕೆ ಬಿಸಿಲು ಎಂದು ಇಲ್ಲಿಯವರು ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದೆ. ಹೀಗೆ ಒಂದೇ ತಿರುವಿನಲ್ಲಿ ಬಾಗಿಲು ತೆರೆದ ಹಾಗೆ ಆಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಬಂದದ್ದು ಟಮ್‌ವಾಟರ್ ಕಣಿವೆ. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ವೆನಾಚಿ ನದಿ, ನಡುವೆ ಕಿರಿದಾದ ರಸ್ತೆ. ಆ ಬಂಡೆಯ ಸಂದುಸಂದಿನಲ್ಲೂ ಬಣ್ಣ: ಕೆಂಪು, ಕಿತ್ತಳೆ, ಅರಿಸಿನ, ಮಾವಿನ ಚಿಗುರಿನ ಕಂದು. ಬಿಸಿಲು ಎಲೆಗಳ ಹಿಂದಿನಿಂದ ಬರುತ್ತಿದ್ದುದರಿಂದ ಒಂದೊಂದು ಎಲೆಯೂ ಒಳಗಿಂದ ದೀಪ ಹೊತ್ತಿಸಿಕೊಂಡಿತ್ತು. ಕೆಳಗೆ ನೀರಿನಲ್ಲಿ ಅದೇ ಬಣ್ಣಗಳು ಒಡೆದು ಕೂಡಿ ಹರಿಯುತ್ತಿದ್ದವು. ಎಷ್ಟು ಚಂದ ಎಂದು ಬರೆದರೆ ಅದು ಸಾಲುವುದಿಲ್ಲ. ನನಗೆ ಅಲ್ಲಿ ಎದೆ ತುಂಬಿ ಬಂದು ಕಣ್ಣಲ್ಲಿ ನೀರೇ ಬಂತು. ಈ ಎಲೆಗಳು ಹೋಗುವ ಕಾಲಕ್ಕೆ ಇಷ್ಟೊಂದು ಚಂದ ಮಾಡಿಕೊಂಡು ಹೋಗುವುದಾದರೂ ಯಾಕೆ, ಯಾರಿಗಾಗಿ ಎಂದು ಯೋಚಿಸುತ್ತ ನದಿಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಮೂರು ಸಲ ಗಾಡಿ ನಿಲ್ಲಿಸಿ, ಮೂರು ಸಲವೂ ಒಂದೇ ಫೋಟೋ ತೆಗೆದೆವು.

“ರಾಘ್ಯಾ ಇಲ್ಲಿರಬೇಕಾಗಿತ್ತು,” ಎಂದು ನಮ್ಮವರ ಬಾಯಿಂದ ಬಂತು. ಬಂದದ್ದೇ ತಡ, ಮುಖ ಗಂಟಿಕ್ಕಿ, “ಬಿಸಿಲು ಭಾಳದ, ನಡೀರಿ,” ಎಂದು ಕಾರು ಹತ್ತಿ ಕೂತರು.

ಲೆವನ್‌ವರ್ತ್ ಜರ್ಮನಿಯ ಹಳ್ಳಿಯ ವೇಷ ಹಾಕಿದ ಊರು. ಬೀದಿ ತುಂಬ ಜನ, ಬಿಯರ್, ಬ್ಯಾಂಡು. ಗಾಡಿ ನಿಲ್ಲಿಸಲು ಇಪ್ಪತ್ತು ಡಾಲರ್ ಕೇಳಿದರು. ರೂಮಿಗೆ ಇನ್ನೂರ ಎಂಬತ್ತು ಎಂದು ಮೊದಲೇ ತಿಳಿದಿತ್ತು. ಅದಕ್ಕೇ ವಸತಿಗೆ ವೆನಾಚಿ. ಊರಿನ ಹಿಂದೆ ನದಿಯ ಪಕ್ಕದ ಉದ್ಯಾನದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ಗಟ್ಟಿ ಮೊಸರು. ಹಳದಿ ಎಲೆಯೊಂದು ಮೊಸರಿನ ಡಬ್ಬಿಯಲ್ಲೇ ಬಂದು ಬಿತ್ತು, ತೆಗೆದು ಪಕ್ಕಕ್ಕಿಟ್ಟು ತಿಂದೆವು.

ಸಂಜೆಗೆ ವೆನಾಚಿಯ ಕಡೆ ಹೊರಟೆವು. ಇತ್ತ ಬೆಟ್ಟಗಳೆಲ್ಲ ಬೋಳು, ಒಣ ಹುಲ್ಲಿನ ಬಣ್ಣ. ತಪ್ಪಲಲ್ಲಿ ಸೇಬು, ಪೇರ್ ಎಂಬ ಮರಸೇಬಿನ ತೋಟಗಳ ಸಾಲು. ಕ್ಯಾಶ್‌ಮಿಯರ್‌ನ ತಿರುವಿನ ಬೋರ್ಡು ಬಂತು. ನಾನು ಬೇಕೆಂದೇ ಗಾಡಿ ನಿಧಾನ ಮಾಡಿದೆ. ನಮ್ಮವರು ಸೀಟಿನಲ್ಲಿ ನೆಟ್ಟಗಾದರು, ಮುಖ ಕಿಟಕಿಯ ಆಚೆ ಬದಿಗೆ ತಿರುಗಿಸಿದರು. ತಿರುವು ಹಿಂದೆ ಬಿತ್ತು.

“ರಾಘು ಕಾಕಾ ಈಸ್ ಲೈಕ್ ಫೈವ್ ಮಿನಿಟ್ಸ್ ಅವೇ,” ಎಂದಳು ಸ್ನೇಹಾ, ಯಾರಿಗೂ ಅಲ್ಲವೆಂಬಂತೆ. ಅವಳು ಅವನಿಗೆ ಆಗಾಗ ಫೋನ್ ಮಾಡುತ್ತಾಳೆ. ಅದು ನನಗೆ ಗೊತ್ತು, ನನಗೆ ಗೊತ್ತೆಂಬುದು ಇವರಿಗೂ ಗೊತ್ತು.

“ದೊಡ್ಡಾವ್ರು ಸಣ್ಣಾವ್ರ ಮನಿಗೆ ಹೋಗಿ ಬಂಗಾರ ಕೊಡೂದು ಎಲ್ಲೆರೆ ಅದನವಾ?” ಎಂದರು ಇವರು.

“ಮೂರು ತಿಂಗಳಿಗೇನು ದೊಡ್ಡಸ್ತಿಕೆ ರೀ! ಮೀಸಿ ಇಬ್ಬರದೂ ಒಮ್ಮೆಲೇ ಬೆಳ್ಳಗಾಗ್ಯಾವ,” ಎಂದೆ.

ಭಾನುವಾರ ಬೆಳಿಗ್ಗೆ ಬಂದ ದಾರಿಯಲ್ಲೇ ಕೆಲವು ಮೈಲಿ ಹಿಂದಕ್ಕೆ ಹೋಗಿ, ಕ್ಯಾಶ್‌ಮಿಯರ್‌ನ ತಿರುವನ್ನು ಮತ್ತೆ ದಾಟಿ, ಬ್ಲೂಯೆಟ್ ಪಾಸಿನ ರಸ್ತೆ ಕವಲೊಡೆಯುವಲ್ಲಿ ಒಂದು ಹಣ್ಣಿನ ಅಂಗಡಿಗೆ ನಿಂತೆವು. ಬೋಸ್ಕ್ ಎಂಬ ಕಂದು ಸಿಪ್ಪೆಯ ಪೇರ್ ಹಣ್ಣು, ಪೌಂಡಿಗೆ ಒಂದೂವರೆ ಡಾಲರ್. ಅಂಗಡಿಯ ಹೆಂಗಸು ದಪ್ಪ ಸ್ವೆಟರಿನಲ್ಲಿ ಕೈ ಹುದುಗಿಸಿಕೊಂಡು ನಿಂತಿದ್ದಳು. ಲಾರ್ಚ್ ನೋಡಲು ಹೊರಟಿದ್ದೇವೆ ಎಂದಾಗ ಆಕಾಶ ನೋಡಿ ಹೇಳಿದಳು: “ಸರಿಯಾದ ದಿನ ಬಂದಿರಿ. ಇವತ್ತು ರಾತ್ರಿ ಗಾಳಿ ಇದೆ. ನಾಳೆ ಬಂದವರಿಗೆ ಬರೀ ಕಡ್ಡಿ.”

ಈ ರಸ್ತೆ ಏರುತ್ತ ಹೋದಂತೆ ಎರಡೂ ಬದಿ ದಟ್ಟ ಸೂಚಿಪರ್ಣದ ಕಾಡು, ಕಡುಹಸಿರು, ಅಲ್ಲಲ್ಲಿ ಕಪ್ಪೇ ಅನ್ನಿಸುವಷ್ಟು. ಇಲ್ಲೇನು ಬಣ್ಣ ಸಿಕ್ಕೀತು ಎಂದು ನನಗೂ ಅನುಮಾನ ಬಂತು. ಅಷ್ಟರಲ್ಲಿ ಹಸಿರಿನ ನಡುವೆ ಒಂದು ಮರ ನೆಟ್ಟಗೆ, ಹಳದಿಯಾಗಿ ನಿಂತಿತ್ತು.

“ಆ ಗಿಡ ಒಣಗೇದ ನೋಡು. ಹುಳ ಬಿದ್ದಾವ,” ಎಂದರು ನಮ್ಮವರು.

“ಅದೇ ಲಾರ್ಚ್, ಅಪ್ಪಾ,” ಎಂದಳು ಸ್ನೇಹಾ.

ದೇವದಾರಿನ ಜಾತಿಯ ಮರ, ಎಲೆ ಸೂಜಿಯ ಹಾಗೆ, ಆದರೂ ಶರತ್ಕಾಲಕ್ಕೆ ಬಣ್ಣ ತಿರುಗಿ ಉದುರಿ ಬೋಳಾಗುತ್ತದೆ. ನಮ್ಮವರು ನಂಬಲಿಲ್ಲ. ಸೂಜಿ ಎಲೆಯ ಗಿಡ ಉದುರುವುದುಂಟೇ ಎಂದು ವಾದಕ್ಕೆ ತೊಡಗಿದರು. ಮುಂದಿನ ತಿರುವು ಬಂತು, ವಾದ ಅಲ್ಲೇ ನಿಂತಿತು. ಎದುರಿನ ಗುಡ್ಡಕ್ಕೆ ಗುಡ್ಡವೇ ಬಂಗಾರ! ಒಂದಲ್ಲ ಹತ್ತಲ್ಲ, ಸಾವಿರಾರು ಮರ, ಒಂದರ ಹೆಗಲಿನ ಮೇಲೆ ಇನ್ನೊಂದು ನಿಂತು ಆಕಾಶದ ಅಂಚಿನವರೆಗೆ ಹೋಗಿದ್ದವು. ಹಿಂದೆ ನೀಲಿ ಆಕಾಶ, ನಡುನಡುವೆ ಹಸಿರು ಮರಗಳ ಕತ್ತಲು. ನಿನ್ನೆ ನೋಡಿದ ಕೆಂಪೆಲ್ಲ ನನಗೆ ಆ ಗಳಿಗೆಯಲ್ಲಿ ಮರೆತೇಹೋಯಿತು.

ಘಟ್ಟದ ಮೇಲೆ ಗಾಡಿ ನಿಲ್ಲಿಸಲು ಐದು ಡಾಲರಿನ ಚೀಟಿ ಕೊಂಡು, ಗಾಜಿಗೆ ಅಂಟಿಸಿ, ಕಾಡಿನ ಕಾಲುದಾರಿ ಹಿಡಿದೆವು. ಒಳಗೆ ಬೆಳಕೇ ಬೇರೆ. ಸ್ನೇಹಾಳ ಕಪ್ಪು ಜಾಕೆಟ್ಟು, ಇವರ ಬಿಳಿ ಮೀಸೆ, ನನ್ನ ಕೈ, ಎಲ್ಲದರ ಮೇಲೂ ಹಳದಿ ಬೆಳಕು. ಕೆಳಗಿನ ಕೊಂಬೆಯೊಂದನ್ನು ಮುಟ್ಟಿ ನೋಡಿದೆ. ಸೂಜಿ ಚುಚ್ಚುತ್ತದೆಂದು ಹೆದರಿ ಮುಟ್ಟಿದರೆ ಕೂಸಿನ ನೆತ್ತಿಯ ಕೂದಲಿನಷ್ಟು ಮೆದು. ನೆಲದ ಮೇಲೂ ಅದೇ ಹಾಸು, ಹೆಜ್ಜೆಯ ಸದ್ದೇ ಇಲ್ಲ. ದೇವರ ಕೋಣೆಯಲ್ಲಿ ನಡೆದ ಹಾಗೆ ನಾವು ಪಿಸುಮಾತಿಗೆ ಇಳಿದಿದ್ದೆವು, ಯಾರೂ ಹೇಳಿರಲಿಲ್ಲ.

ಮೇಲೆ ಸಣ್ಣ ಬಯಲಿಗೆ ಬಂದಾಗ ಗಾಳಿ ಬೀಸಿತು. ಮೊದಲು ದೂರದ ಗುಡ್ಡದಲ್ಲಿ ಸುಯ್ಯೆಂದಿತು, ಆಮೇಲೆ ನಮ್ಮ ಸುತ್ತಿನ ಮರಗಳು ಒಮ್ಮೆ ಮೈ ಕೊಡವಿದವು. ಅಬ್ಬಾ! ಬಂಗಾರದ ಮಳೆ ಎನ್ನುವುದನ್ನು ನಾನು ಕಥೆಯಲ್ಲಿ ಕೇಳಿದ್ದೆ, ಅವತ್ತು ಅದರಲ್ಲಿ ನೆನೆದೆ. ಲಕ್ಷ ಲಕ್ಷ ಸೂಜಿಗಳು, ಒಂದೊಂದೂ ಬೆರಳ ಗೆಣ್ಣಿನಷ್ಟು, ಬಿಸಿಲಿನಲ್ಲಿ ಮಿನುಗುತ್ತ, ತಿರುಗುತ್ತ, ಸದ್ದಿಲ್ಲದೆ ಇಳಿಯುತ್ತಿದ್ದವು. ಸ್ನೇಹಾ ಎರಡೂ ತೋಳು ಚಾಚಿ ಚಿಕ್ಕವಳಿದ್ದಾಗಿನ ಹಾಗೆ ಗಿರಗಿರ ತಿರುಗಿದಳು. ಫೋನು ತೆಗೆಯಬೇಕೆಂದು ಅವಳಿಗೂ ನೆನಪಾಗಲಿಲ್ಲ.

ನಮ್ಮವರು ತಲೆಯ ಟೋಪಿ ತೆಗೆದು ಅಂಗಾತ ಹಿಡಿದು ನಿಂತಿದ್ದರು. ಗಾಳಿ ನಿಂತ ಮೇಲೂ ಅಲ್ಲಾಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಟೋಪಿಯ ತಳ ಮುಚ್ಚುವಷ್ಟು ಬಂಗಾರ ಬಿದ್ದಿತ್ತು. ಅವರು ಅದನ್ನೇ ನೋಡುತ್ತಿದ್ದರು.

“ನಾಳೆ ಇದು ಇರೂದಿಲ್ಲಲ್ಲಾ,” ಎಂದರು ಮೆಲ್ಲಗೆ.

“ಇರೂದಿಲ್ಲಂತ. ಆಕಿ ಹೇಳಿದ್ಲಲ್ಲ,” ಎಂದೆ.

ಇಳಿದು ಬಂದು ಕಾರಿನಲ್ಲಿ ಕೂತೆವು. ಟೋಪಿ ಅವರ ತೊಡೆಯ ಮೇಲೆ, ಮೇಲೆ ಅಂಗೈ ಮುಚ್ಚಿತ್ತು. ನಾನು ಗಾಡಿ ಚಾಲೂ ಮಾಡಿ ದಕ್ಷಿಣಕ್ಕೆ, ದೊಡ್ಡ ಹೆದ್ದಾರಿಯ ಕಡೆ ಮೂತಿ ತಿರುಗಿಸಿದೆ.

“ಎಲ್ಲಿಗೆ?” ಎಂದರು.

“ಮನಿಗೆ. ಮತ್ತೆಲ್ಲಿಗೆ?”

“ದಸರಾದ ದಿನ ಕೈಯಾಗಿನ ಬಂಗಾರ ಯಾರಿಗೂ ಕೊಡದ ಮನಿಗೆ ಒಯ್ದು ಏನ್ ಮಾಡೂದದ? ಫ್ರಿಜ್ಜಿನಾಗ ಇಡ್ತೀ?”

ಸುಮ್ಮನಿರಲು ನನ್ನ ನಾಲಿಗೆಗೆ ಬರುವುದಿಲ್ಲ. “ಮತ್ತ ನಿಮ್ಮ ರೀತಿ?” ಎಂದುಬಿಟ್ಟೆ.

“ರೀತಿ ಇರಲಿ ಅತ್ಲಾಗ! ತಿರುಗಿಸು ಅಂದ್ರ ತಿರುಗಿಸು.”

ಹಿಂದಿನಿಂದ ಸ್ನೇಹಾ, “ವೇಯ್ಟ್, ಆರ್ ವಿ...” ಎಂದು ಬಾಯಿ ತೆರೆದಳು. ಕನ್ನಡಿಯಲ್ಲೇ ಕಣ್ಣು ಬಿಟ್ಟು ಅವಳ ಬಾಯಿ ಮುಚ್ಚಿಸಿದೆ. ಘಟ್ಟ ಇಳಿಯುವಾಗ ಎಡಬಲದ ಬಂಗಾರದ ಗುಡ್ಡಗಳನ್ನು ನಾನು ನೋಡಲಿಲ್ಲ. ಎಲ್ಲಿ ಇವರ ಮನಸ್ಸು ತಿರುಗುತ್ತದೋ ಎಂದು ರಸ್ತೆ ಬಿಟ್ಟರೆ ಅವರ ಮುಖ, ಮುಖ ಬಿಟ್ಟರೆ ರಸ್ತೆ ನೋಡುತ್ತ ನಡೆಸಿದೆ.

ಸ್ನೇಹಾ ದಾರಿ ಹೇಳಿದಳು. ಬೋಳು ಗುಡ್ಡದ ಬುಡದಲ್ಲಿ ಒಂದು ಸಣ್ಣ ಬಿಳಿ ಮನೆ, ಪಕ್ಕದಲ್ಲಿ ಹತ್ತಾರು ಪೇರ್ ಮರ, ಎಲೆ ಕೆಂಪಾಗಿ ಅರ್ಧ ಉದುರಿತ್ತು. ರಾಘು ಅಂಗಳದಲ್ಲಿ ಕೈಕುಂಟೆ ಹಿಡಿದು ಎಲೆ ಬಳಿಯುತ್ತಿದ್ದ. ತೆಳ್ಳಗಾಗಿದ್ದ. ಅಂಗಿಯ ಕಾಲರಿನೊಳಗೆ ಕತ್ತು ಸಡಿಲಾಗಿ ಕಾಣುತ್ತಿತ್ತು. ನಮ್ಮ ಕಾರನ್ನು ಗುರುತು ಹಿಡಿದ, ಕುಂಟೆ ಹಿಡಿದಲ್ಲೇ ನಿಂತ.

ಇವರು ಇಳಿದರು. ಟೋಪಿಯಲ್ಲಿನ ಬಂಗಾರವನ್ನು ಮುಷ್ಟಿಗೆ ತೆಗೆದುಕೊಂಡು ಅವನ ಎದುರಿಗೆ ಹೋಗಿ ನಿಂತರು. ನಾನೂ ಸ್ನೇಹಾನೂ ಗೇಟ್ ಹತ್ತಿರವೇ ನಿಂತೆವು.

“ರಾಘು, ಬಂಗಾರ ತಗೋ,” ಎಂದರು ಇವರು.

ರಾಘು ಕುಂಟೆ ಬಿಟ್ಟ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಇವರ ಕಿವಿ ಕೆಂಪೇರಿದ್ದು ಹಿಂದಿನಿಂದಲೂ ಕಂಡಿತು.

“ತಗೊಳ್ಳಿಕ್ಕೆ ಬರೂದಿಲ್ಲೋ,” ಎಂದ ರಾಘು.

“ಅಷ್ಟು ಸಿಟ್ಟೇನು ನನ್ನ ಮ್ಯಾಲೆ? ಬೋರ್ಡು ಹಾಕಿ ಹೋದಾವ ನೀನು, ನಾನಲ್ಲ!”

“ಸಿಟ್ಟಲ್ಲೋ ವಸಂತ್ಯಾ. ನಮ್ಮ ಮನ್ಯಾಗ ಹಬ್ಬ ಇಲ್ಲ.”

“ಇಲ್ಲಂದ್ರ? ಸುಧಾನ ವರ್ಷಾಂತಿಕ ಮುಗದು ಎಷ್ಟು ದಿನ ಆತು!”

“ಮುಗೀತು. ಆಮ್ಯಾಲೆ ಹಿರಿಯರು ಯಾರರೆ ಬಂದು, ಬಾಯಿ ಸಿಹಿ ಮಾಡಿಸಿ, ‘ಇನ್ನ ಹಬ್ಬ ಮಾಡಪಾ’ ಅಂತ ಹೇಳಬೇಕಲ್ಲೋ. ನನ್ನಷ್ಟಕ್ಕ ನಾ ಎದ್ದು ಹೆಂಗ ಮಾಡ್ಲಿ? ಹೋದ ವರ್ಷ ದಸರಾಕ್ಕ ಬರ್ತೀ ಅಂತ ಕಾದೆ. ದೀಪಾವಳಿಗೆ ಕಾದೆ. ಈ ದೇಶದಾಗ ನನಗ ಹಿರಿಯಾವ ಅಂದ್ರ ಯಾರಿದ್ದಾರ, ನೀ ಬಿಟ್ರ?”

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ತುಂಬಿದ ಮೇಲೆ ಹಿರಿಯರು ಹೋಗಿ ಸಿಹಿ ತಿನ್ನಿಸಿ ಆ ಮನೆಗೆ ಹಬ್ಬ ಮರಳಿಸಬೇಕು. ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಇವರು ಎವರೆಟ್‌ನಲ್ಲಿ ಸಣ್ಣವನು ಬರಲಿ ಎಂದು ಕೂತಿದ್ದರು, ಅವನು ಇಲ್ಲಿ ದೊಡ್ಡವನು ಬರಲಿ ಎಂದು ಕೂತಿದ್ದ. ಇಬ್ಬರೂ ರೀತಿ ಬಿಟ್ಟಿರಲಿಲ್ಲ, ಇಬ್ಬರ ನಡುವೆ ಒಂದಿಡೀ ಪರ್ವತ ಇತ್ತು.

ನಮ್ಮವರು ಮುಂದೆ ಹಿಡಿದ ಮುಷ್ಟಿ ಕೆಳಗಿಳಿಸಿದರು. “ಹೋಗೂದು ಒಂದು ಮಾತು ಹೇಳಿ ಹೋಗಬಾರದಾಗಿತ್ತೇನೋ,” ಎಂದರು. ದನಿಯಲ್ಲಿ ಜಗಳ ಉಳಿದಿರಲಿಲ್ಲ.

“ಹೇಳಿದ್ರ ನೀ ಬ್ಯಾಡ ಅಂತಿದ್ದಿ. ನೀ ಬ್ಯಾಡ ಅಂದ್ರ ನಾ ಅಲ್ಲೇ ಇರ್ತಿದ್ದೆ. ಆಕಿ ಇಲ್ಲದ ಆ ಅಡಗಿಮನಿ ನೋಡ್ಕೋತ ಇರೂದು ನನ್ನ ಕಡೆ ಆಗ್ತಿರಲಿಲ್ಲೋ.”

ನಾನು ಅಳುತ್ತಿದ್ದೆ, ಅಳುತ್ತಲೇ ಸಿಟ್ಟೂ ಬಂದಿತ್ತು. “ಇಬ್ಬರೂ ಸರೀರಿ ಆಕಡೆ!” ಎಂದು ನಡುವೆ ದಾರಿ ಮಾಡಿಕೊಂಡು ಒಳಗೆ ನಡೆದೆ. ರಾಘುವಿನ ಅಡುಗೆಮನೆ ಸ್ವಚ್ಛವಾಗಿತ್ತು, ಒಬ್ಬನೇ ಇರುವವನ ಅಡುಗೆಮನೆಯ ಹಾಗೆ ಖಾಲಿಯಾಗಿತ್ತು. ರವೆ ಸಿಕ್ಕಿತು, ಸಕ್ಕರೆ ಸಿಕ್ಕಿತು, ತುಪ್ಪದ ಬಾಟಲಿಯ ತಳದಲ್ಲಿ ಒಂದಿಷ್ಟು ತುಪ್ಪವೂ ಇತ್ತು. ಶಿರಾ ಮಾಡಿದೆ. ರವೆ ಹುರಿದ ವಾಸನೆ ಹರಡಿದಾಗ ಹೊರಗೆ ಇಬ್ಬರ ದನಿ ಕೇಳಿಸಿತು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತಿತ್ತು.

ಸುಧಾಳ ಫೋಟೋದ ಮುಂದೆ ಮೊದಲ ತಟ್ಟೆ ಇಟ್ಟೆವು. ಆಮೇಲೆ ನಮ್ಮವರು ಒಂದು ತುತ್ತು ಶಿರಾ ತೆಗೆದು ರಾಘುವಿನ ಬಾಯಿಗೆ ಹಿಡಿದರು. ಹಿರಿಯರ ಗತ್ತಿನಲ್ಲಿ, “ಇನ್ನ ಹಬ್ಬ...” ಎಂದು ಶುರು ಮಾಡಿದವರು ಅಲ್ಲೇ ನಿಂತರು. ರಾಘು ಬಾಯಿ ತೆರೆದುಕೊಂಡೇ ಕಾದ.

“ಹಬ್ಬ ಮಾಡಪಾ,” ಎಂದು ಇವರು ಕಡೆಗೂ ಮುಗಿಸಿದರು.

ರಾಘು ತಿಂದ. ಬಲಗೈ ಚಾಚಿ ಬಂಗಾರ ತೆಗೆದುಕೊಂಡ. ಬಗ್ಗಿ ಕಾಲು ಮುಟ್ಟಲು ಹೋದವನಿಗೆ ಮಂಡಿ ಬಾಗಲಿಲ್ಲ. ಇವರು ಅವನ ಭುಜ ಹಿಡಿದು ಎತ್ತಿದರು, ಹಿಡಿದವರು ಬಿಡಲಿಲ್ಲ. “ಯೂ ಗಾಯ್ಸ್ ಆರ್ ಇಂಪಾಸಿಬಲ್,” ಎಂದು ಸ್ನೇಹಾ ಮೂಗು ಒರೆಸಿಕೊಂಡಳು.

ಊಟ ಮುಗಿಸಿ ಹೊರಡುವಾಗ ಬಿಸಿಲು ಗುಡ್ಡದ ಆಚೆ ಹೋಗಿತ್ತು, ಗಾಳಿ ಎದ್ದಿತ್ತು. ರಾಘು ಗೇಟಿನವರೆಗೆ ಬಂದು ನಿಂತ. ಗಾಡಿ ತಿರುವಿಗೆ ಬಂದಾಗ ನಾನು ಕನ್ನಡಿಯಲ್ಲಿ ನೋಡಿದೆ. ಅವನ ಸುತ್ತ ಪೇರ್ ಎಲೆಗಳು ಹಾರುತ್ತಿದ್ದವು. ಅವನು ಎಡಗೈ ಎತ್ತಿ ಬೀಸುತ್ತಿದ್ದ. ಬಲಗೈ ಎದೆಯ ಹತ್ತಿರ ಮುಷ್ಟಿಯಾಗಿ ಮುಚ್ಚಿತ್ತು.